ಒಂದು ಕಣ್ಣಿನ ತುಂಡು

ಸ್ಮಿಲ್ಟೆನೆ,
ಏಪ್ರಿಲ್ 3, 2012, ಮಂಗಳವಾರ

ಪ್ರೀತಿಯ ಉಲ್ದಿಸ್,

ಹೇಗಿದ್ದೀಯಪ್ಪಾ? ಮೊದಲು ನಿನ್ನ ಸೊಂಟದ ವಿಷಯ ಹೇಳು. ಅಣಬೆ ಷೆಡ್ಡಿನಲ್ಲಿ ಮೇಲಿನ ಅಟ್ಟಣೆಗೆ ಕೈ ಚಾಚಿ, ಕೆಳಗಿನ ಅಟ್ಟಣೆಗೆ ಬಗ್ಗಿ, ದಿನಕ್ಕೆ ಹತ್ತು ಗಂಟೆ ದುಡಿದರೆ ಎಂಥ ಗಟ್ಟಿ ಆಳಿನ ಸೊಂಟವೂ ಬಿದ್ದುಹೋಗುತ್ತದೆ. ಕ್ರಿಸ್‌ಮಸ್ಸಿಗೆ ನಾನು ಹೆಣೆದು ಕಳಿಸಿದ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯಾ, ಅಥವಾ ಸೂಟ್‌ಕೇಸಿನ ತಳ ಸೇರಿಸಿದ್ದೀಯಾ? ನಿನ್ನ ಬುದ್ಧಿ ನನಗೆ ಗೊತ್ತು. ಐರ್ಲೆಂಡಿನಲ್ಲಿ ನಮ್ಮ ಕಪ್ಪು ರೊಟ್ಟಿ ಸಿಗುವುದಿಲ್ಲವಂತೆ, ಸಿಗುವ ಬಿಳಿ ಬ್ರೆಡ್ಡು ಹತ್ತಿ ಜಗಿದ ಹಾಗಿರುತ್ತದಂತೆ. ಬಿರೂತಾಳ ತಂಗಿಯ ಮಗಳು ಸೋಲ್ವಿತಾ ಫೋನಿನಲ್ಲಿ ಹೇಳಿದಳಂತೆ. ನಿಮ್ಮ ಷೆಡ್ಡಿನಲ್ಲೇ ಅಣಬೆ ಬಿಡಿಸುವ ಹುಡುಗಿ, ನೀನು ನೋಡಿರುತ್ತೀಯ. ಬಿರೂತಾಳನ್ನಂತೂ ನೀನು ಮರೆಯಲು ಸಾಧ್ಯವಿಲ್ಲ. ನಮ್ಮ ಕಟ್ಟಡದಲ್ಲೇ ಎರಡನೇ ಮಹಡಿ. ಅವಳ ಗಂಡನ ಸಮಾಧಿಯೂ ನಮ್ಮ ಸಮಾಧಿಗಳ ಪಕ್ಕಕ್ಕೇ ಇದೆ. ಇಲ್ಲೂ ನೆರೆಮನೆ, ಅಲ್ಲೂ ನೆರೆಮನೆ. ನನಗೆ ಆ ಹೆಂಗಸಿನಿಂದ ಬಿಡುಗಡೆಯೇ ಇಲ್ಲ ಮಾರಾಯ.

ನಾನು ಇದ್ದೇನೆ. ಬಲಗಡೆಯ ಮೊಣಕಾಲು ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಕೊಕ್ಕರೆಗಳು ಬಂದವು. ಕಟ್ಟಡದ ಹಿಂದೆ ಬಿಸಿಲು ಬೀಳದ ಕಡೆ ಇನ್ನೂ ಹಿಮವಿದೆ, ಕರಿ ಹಿಡಿದು ಕೂತಿದೆ. ಬರ್ಚ್ ಮರಗಳಿಂದ ರಸ ಇಳಿಸುತ್ತಿದ್ದಾರೆ. ಕೆಳಗಿನ ಮನೆಯವರು ಮೂರು ಬಾಟಲಿ ತಂದಿಟ್ಟು ಹೋದರು, ಕುಡಿಯುವವರು ಯಾರು? ಇಷ್ಟೇ ನನ್ನ ಸುದ್ದಿ. ಇನ್ನೊಂದು ಇದೆ. ಅದನ್ನು ಬರೆಯಲು ಹದಿನೈದು ದಿನದಿಂದ ಕಾಗದ ತೆಗೆಯುತ್ತಿದ್ದೇನೆ, ಮಡಚಿ ಒಳಗಿಡುತ್ತಿದ್ದೇನೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ನೇರವಾಗಿ ಬರೆದುಬಿಡುತ್ತೇನೆ. ನನ್ನ ಮಗಳ, ನಿನ್ನ ವಿಜ್ಮಾಳ ಬಿಗೋನಿಯಾ ಗಿಡ ಸತ್ತುಹೋಯಿತು, ಉಲ್ದಿಸ್. ಗೆಡ್ಡೆಯೇ ಕೊಳೆತುಹೋಯಿತು. ಏನೂ ಉಳಿದಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬರೆಯುವಷ್ಟು ಹೊತ್ತಾದರೂ ಅದು ಇದ್ದ ಹಾಗೆ ಅನ್ನಿಸುತ್ತದೆ. ಅವಳಿಗೆ ಆಗ ಹನ್ನೊಂದು ವರ್ಷ. ಶಾಲೆಯ ತೋಟದಲ್ಲಿ ಕಳೆ ಕಿತ್ತ ಮಕ್ಕಳಿಗೆಲ್ಲ ಎರ್ನಾ ಟೀಚರ್ ಒಂದೊಂದು ಗೆಡ್ಡೆ ಕೊಡುತ್ತಿದ್ದರು. ನಮ್ಮವಳು ಹೋಗುವಷ್ಟರಲ್ಲಿ ಒಳ್ಳೆಯವೆಲ್ಲ ಮುಗಿದಿದ್ದವು. ಡಬ್ಬದ ತಳದಲ್ಲಿ ಉಳಿದಿದ್ದದ್ದು ಅಂಗಿಯ ಗುಂಡಿಯಷ್ಟು ಒಂದು ಕಂದು ಚೂರು. 'ಇದು ಬದುಕಲ್ಲ ಮಗೂ, ಬೇಕಿದ್ರೆ ತಗೊಂಡು ಹೋಗು' ಅಂದರಂತೆ. ಇವಳು ಅದನ್ನು ಕೈಗವಸಿನೊಳಗೆ ಹಾಕಿಕೊಂಡು ಬಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಮೂರು ವಾರ ಶಾಲೆಯಿಂದ ಬಂದವಳು ಕೋಟು ಕೂಡ ಬಿಚ್ಚದೆ ಅದರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಇಲಿಮರಿಯ ಮೂಗಿನಷ್ಟು ಗುಲಾಬಿ ಬಣ್ಣದ ಮೊಳಕೆ ಎದ್ದಿತು, ಮನೆಯಲ್ಲಿ ಹಬ್ಬವಾಯಿತು. ಆಮೇಲೆ ವರ್ಷ ವರ್ಷ ಗೆಡ್ಡೆ ಬೆಳೆಯಿತು, ಕೊನೆಕೊನೆಗೆ ಚಹಾ ಸಾಸರಿನಷ್ಟಾಗಿತ್ತು. ಅದರ ಹೂವಿನ ಬಣ್ಣಕ್ಕೆ ನನಗೆ ಇವತ್ತಿಗೂ ಹೆಸರು ಸಿಕ್ಕಿಲ್ಲ. ಕೆಂಪಲ್ಲ, ಕಿತ್ತಳೆಯಲ್ಲ, ಕಾಡಿನ ಕೆಂಪು ಹಣ್ಣಿನ ಜಾಮ್ ಕುದಿಯುವಾಗ ಮೇಲೆ ನೊರೆ ಬರುತ್ತದಲ್ಲ, ಆ ಬಣ್ಣ. ಮಾರ್ಕೆಟಿನಲ್ಲಿ ಎಷ್ಟೋ ಬಿಗೋನಿಯಾ ನೋಡಿದ್ದೇನೆ, ಆ ಬಣ್ಣ ಎಲ್ಲೂ ಇಲ್ಲ.

ಪ್ರತಿ ಶರತ್ಕಾಲ ಅದನ್ನು ಮಣ್ಣಿನಿಂದ ಎಬ್ಬಿಸುವುದು ಅವಳದೇ ಕೆಲಸವಾಗಿತ್ತು. ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. 'ಅಮ್ಮ, ದಂಟು ಎಳೀಬೇಡ, ಅದು ತಾನಾಗೇ ಬಿಟ್ಟುಕೊಡ್ಬೇಕು' ಅನ್ನುತ್ತಿದ್ದಳು. ಪತ್ರಿಕೆಯ ಮೇಲೆ ಹರಡಿ, ಒಲೆಯಿಂದ ದೂರವಿಟ್ಟು, ದಂಟು ಒಣಗಿ ಬೆರಳು ತಾಗಿಸಿದರೆ ಕಳಚಿಬೀಳುವ ತನಕ ಕಾಯಬೇಕು. ಆಮೇಲೆ ಒಣ ಮರಳು ತುಂಬಿದ ಪೆಟ್ಟಿಗೆ. ಮೊದಲು ಬಿಸ್ಕತ್ತಿನ ಡಬ್ಬವಿತ್ತು, ನಿಮ್ಮ ಮದುವೆಯಾದ ಮೇಲೆ ಅವಳ ಮದುವೆಯ ಬೂಟುಗಳ ಪೆಟ್ಟಿಗೆ ಬಂತು. ನೀನು ನಗುತ್ತಿದ್ದೆ, ಹೆಂಡತಿಗೆ ಬೂಟಿಗಿಂತ ಪೆಟ್ಟಿಗೆಯ ಮೇಲೆ ಪ್ರೀತಿ ಅಂತ. ನಿಮಗೆ ಮಕ್ಕಳಾಗಲಿಲ್ಲ. ಅದನ್ನು ನಾನು ಎತ್ತಿ ಆಡಿದವಳಲ್ಲ, ಈಗಲೂ ಆಡುತ್ತಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅವಳು ಕೈಯಾರೆ ಸಾಕಿ ಬೆಳೆಸಿದ್ದರಲ್ಲಿ ಜೀವ ಇದ್ದದ್ದು ಅದೊಂದೇ. ಕೋಟು ಇದೆ, ಬಾಚಣಿಗೆ ಇದೆ, ಫೋಟೋಗಳಿವೆ. ಯಾವುದೂ ಬೆಳೆಯುವುದಿಲ್ಲ. ಆ ಗೆಡ್ಡೆ ಪ್ರತಿ ವರ್ಷ ಕಣ್ಣು ಬಿಡುತ್ತಿತ್ತು. ಅವಳ ಕೊನೆಯ ಏಪ್ರಿಲಿನಲ್ಲಿ ಅದನ್ನು ಹಾಸಿಗೆಯ ಪಕ್ಕದ ಕಿಟಕಿಗೆ ತಂದಿಟ್ಟವನು ನೀನೇ. ಅವಳು ಮೊಳಕೆ ನೋಡಿದಳು, ಹೂ ನೋಡಲಿಲ್ಲ. ಆ ಜೂನಿನಲ್ಲಿ ನಾವಿಬ್ಬರೂ ಅದನ್ನು ಬಾಲ್ಕನಿಗೆ ಇಡದೆ ಅವಳ ಸಮಾಧಿಯ ಮೇಲೆ ನೆಟ್ಟೆವು. ನೀನು ಮಣ್ಣು ಒತ್ತಿದೆ, ನಾನು ನೀರು ಹಾಕಿದೆ.

ಅಲ್ಲಿಂದ ಮುಂದೆ ಬೇಸಗೆಯೆಲ್ಲ ಅವಳ ಹತ್ತಿರ, ಚಳಿಗಾಲವೆಲ್ಲ ನನ್ನ ಹತ್ತಿರ. ಅಕ್ಟೋಬರ್ ಮೊದಲ ವಾರ ಎಬ್ಬಿಸಿ ತಂದು, ಸಮಾಧಿಗೆ ಸ್ಪ್ರೂಸ್ ರೆಂಬೆ ಹೊದಿಸಿ ಬರುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ. ಕಳೆದ ವರ್ಷ ಮಾತ್ರ ಎಬ್ಬಿಸಲಿಲ್ಲ. ಯಾಕೆ ಅಂದರೆ ಸೆಪ್ಟೆಂಬರಿನಲ್ಲಿ ನಿನ್ನ ಕಾರ್ಡು ಬಂತು, ಮೇಣದಬತ್ತಿಯ ಸಂಜೆಗೆ ಊರಿಗೆ ಬರುತ್ತೇನೆ ಅಂತ. ಎರಡೂವರೆ ವರ್ಷದ ಮೇಲೆ ಮೊದಲ ಸಲ. ನಾನು ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಊರಿನವರೆಲ್ಲ ಸಮಾಧಿಗಳಿಗೆ ದೀಪ ಹಚ್ಚುವ ಹೊತ್ತಿಗೆ ನಮ್ಮದರ ಮೇಲೆ ಬರೀ ಸ್ಪ್ರೂಸ್ ರೆಂಬೆ ಇರಬಾರದು, ನೀನು ಬಂದು ನಿಂತಾಗ ಅವಳ ಹೂ ನಿನ್ನ ಕಣ್ಣಿಗೆ ಬೀಳಬೇಕು ಅಂದುಕೊಂಡೆ. ಅಷ್ಟೇ ಅಲ್ಲ, ನಿಜ ಹೇಳಿಬಿಡುತ್ತೇನೆ. ನೀನು ಅದಕ್ಕೆ ಕತ್ತಿ ಹಾಕಿ ಹೋದ ಮೇಲೂ ನಾನು ಹೇಗೆ ಉಳಿಸಿಕೊಂಡಿದ್ದೇನೆ ನೋಡು ಅಂತ ತೋರಿಸಬೇಕಿತ್ತು. ಹಟ ಅನ್ನು, ಜಂಬ ಅನ್ನು, ಏನು ಬೇಕಾದರೂ ಅನ್ನು. ಬಿರೂತಾ ಬೇರೆ ಹಿಂದಿನ ವರ್ಷ ನಮ್ಮ ಸಮಾಧಿಯ ಮುಂದೆ ನಿಂತು 'ಅಳಿಯ ಹೋದ, ಹೂವೂ ಹೋಯ್ತು, ಬರೀ ಸೊಪ್ಪು ಉಳೀತು' ಅಂದಿದ್ದಳು. ಅದಕ್ಕೆ ಉತ್ತರ ಕೊಡಬೇಕು ಅಂತ ಒಂದು ವರ್ಷ ಕಾದಿದ್ದೆ.

ಆ ಸಲ ಮೇಣದಬತ್ತಿಯ ಸಂಜೆ ಅಕ್ಟೋಬರಿನಲ್ಲೇ ಆಗಬೇಕಿತ್ತು. ಪಾದ್ರಿಗೆ ಕೆಮ್ಮು ಜ್ವರ ಬಂದು ಒಂದು ವಾರ ಮುಂದೆ ಹೋಯಿತು, ನವೆಂಬರ್ ಐದಕ್ಕೆ. ನಿನಗೆ ಫೋನ್ ಮಾಡಿಸಿದ್ದೆನಲ್ಲ, ಐದಕ್ಕೆ ಬರುತ್ತೇನೆ ಅತ್ತೆ ಅಂದೆ. ಅಷ್ಟು ದಿನ ನಾನು ಏನು ಮಾಡಿದೆ ಅನ್ನುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ದಿನಾ ಮಧ್ಯಾಹ್ನ ಮೂರರ ಬಸ್ಸಿಗೆ ಹಳೇ ರಜಾಯಿ ಚೀಲದಲ್ಲಿ ಹಾಕಿಕೊಂಡು ಹೋಗಿ ಗಿಡಕ್ಕೆ ಹೊದಿಸಿ ಬರುವುದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ತೆಗೆದು, ಮಡಚಿ, ಮತ್ತೆ ಮನೆಗೆ ತರುವುದು, ಯಾರಾದರೂ ನೋಡಿದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ ಅಂತ. ಡ್ರೈವರ್ ಒಮ್ಮೆ ಕೇಳಿದ, ಅಜ್ಜಿ ದಿನಾ ಹಾಸಿಗೆ ಹೊತ್ತುಕೊಂಡು ಎಲ್ಲಿಗೆ ಹೊರಟಿದ್ದೀರಿ ಅಂತ. ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ ಅಂದೆ. ಎರಡು ಸಲ ಇಬ್ಬನಿ ಗಟ್ಟಿಯಾಗಿ ಸುತ್ತಲಿನ ಹುಲ್ಲೆಲ್ಲ ಬೆಳ್ಳಗಾಗಿತ್ತು, ನನ್ನ ರಜಾಯಿಯ ಕೆಳಗೆ ಎಲೆ ಒಂದಕ್ಕೂ ಏನೂ ಆಗಿರಲಿಲ್ಲ. ಐದನೆಯ ತಾರೀಕಿನವರೆಗೆ ಐದು ಹೂ ಉಳಿಸಿಕೊಂಡಿದ್ದೆ. ನವೆಂಬರಿನಲ್ಲಿ ಬಿಗೋನಿಯಾದ ಐದು ಹೂ, ಯೋಚನೆ ಮಾಡು.

ಅವತ್ತು ನಾಲ್ಕು ಗಂಟೆಗೇ ಹೋಗಿ ಕೂತೆ. ಮರಳಿನ ಮೇಲೆ ಕೈಕುಂಟೆ ಆಡಿಸಿ ಗೆರೆ ಎಳೆದು, ನಿನ್ನ ಮಾವನಿಗೆ ಎರಡು ಬತ್ತಿ, ವಿಜ್ಮಾಳಿಗೆ ನಾಲ್ಕು ಬತ್ತಿ ಹಚ್ಚಿ, ರಾತ್ರಿಗೆ ಹೊದಿಸಲು ತಂದಿದ್ದ ರಜಾಯಿಯನ್ನು ಬೆಂಚಿನ ಕೆಳಗೆ ತಳ್ಳಿ, ನಿನಗೆ ಜಾಗ ಬಿಟ್ಟು ಕೂತೆ. ಕತ್ತಲಾದ ಮೇಲೆ ಪೈನ್ ಮರಗಳ ಕೆಳಗೆ ಊರಿಗೆ ಊರೇ ಬಂತು. ವಾದ್ಯದವರು ಬಂದರು, ಪಾದ್ರಿ ಕೆಮ್ಮುತ್ತಲೇ ಪ್ರಾರ್ಥನೆ ಮಾಡಿದರು. ಐದು ಗಂಟೆಯಾಯಿತು. ಆರಾಯಿತು. ರೀಗಾದಿಂದ ಬರುವ ಬಸ್ಸು ತಡವಾಗಿರಬಹುದು ಅಂದುಕೊಂಡೆ. ದಾರಿಯಲ್ಲಿ ಎತ್ತರದ ಗಂಡಸು ಯಾರು ಬಂದರೂ ಎದ್ದು ನಿಲ್ಲುತ್ತಿದ್ದೆ. ಮೊಣಕಾಲು ಆಗಲೇ ಹೋಯಿತು ಅಂತ ಕಾಣುತ್ತದೆ. ಏಳು ಗಂಟೆಗೆ ಬಿರೂತಾ ತನ್ನ ಗಂಡನ ಕಡೆಯ ಕೆಲಸ ಮುಗಿಸಿ ಬಂದು, ನಿನಗಾಗಿ ಬಿಟ್ಟ ಜಾಗದಲ್ಲಿ ಕೂತಳು. ಹೂ ನೋಡಿದಳು. ಗೆದ್ದೆ ಅಂದುಕೊಂಡೆ. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು: 'ಯಾರಿಗೆ ಕಾಯ್ತಾ ಇದ್ದೀಯೇ ಮಿರ್ಜಾ? ಅವನಿಗೆ ಅಲ್ಲೇ ಮನೆ ಆಗಿದೆಯಂತೆ ಕಣೇ. ಹೆಂಗಸು, ಎರಡು ಮಕ್ಕಳು. ನಿಂಗೆ ಗೊತ್ತು ಅಂದ್ಕೊಂಡಿದ್ದೆ.' ಚುಚ್ಚಲು ಹೇಳಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಆ ಹಾಳು ಹೆಂಗಸು ಕನಿಕರದಿಂದ ಹೇಳಿದಳು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಇದರಲ್ಲಿ ಚಳಿಯ ತಪ್ಪಿದೆ, ಪಾದ್ರಿಯ ಕೆಮ್ಮಿನ ತಪ್ಪಿದೆ, ನಿನ್ನ ತಪ್ಪಿದೆ. ನನ್ನದೇ ಇನ್ನೂ ಬಂದಿಲ್ಲ. ಹೊರಗೆ ಬಿಸಿಲಿತ್ತು, ಕಾಗದ ಮಡಚಿ ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ. ಈಗ ಬರೆಯುತ್ತೇನೆ. ಬಿರೂತಾ ಹೋದ ಮೇಲೆ ನಾನು ಎದ್ದೆ. ಬೆಂಚಿನ ಕೆಳಗೆ ರಜಾಯಿ ಇತ್ತು. ಬಗ್ಗಿದರೆ ಕೈಗೆ ಸಿಗುತ್ತಿತ್ತು. ನಾನು ಅದನ್ನು ನೋಡಿದೆ ಉಲ್ದಿಸ್, ಮರೆತೆ ಅಂತ ಸುಳ್ಳು ಹೇಳುವುದಿಲ್ಲ. ನೋಡಿ, ತೆಗೆಯಲಿಲ್ಲ. ಯಾರಿಗೋಸ್ಕರ ಹೊದಿಸಬೇಕು ಅಂದುಕೊಂಡೆ. ನೀನು ಬಾರದೆ ಹೋದ ಸಿಟ್ಟನ್ನು ನಾನು ಅವಳ ಗಿಡದ ಮೇಲೆ ತೀರಿಸಿಕೊಂಡೆ. ಮರಳಿನ ಮೇಲೆ ಗೆರೆ ಕೂಡ ಎಳೆಯಲಿಲ್ಲ. ಬೇರೆಯವರೆಲ್ಲ ಪದ್ಧತಿಯಂತೆ ಮರಳಿಗೆ ಗೆರೆ ಎಳೆದು ತಮ್ಮ ಹೆಜ್ಜೆ ಅಳಿಸುತ್ತ ಹಿಂದೆ ಹಿಂದೆ ನಡೆದು ಹೋದರು, ನನ್ನ ಬೂಟಿನ ಗುರುತು ಮಗಳ ಸಮಾಧಿಯ ಮೇಲೆ ಹಾಗೇ ಇತ್ತು. ಆ ರಾತ್ರಿ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ ಇಳಿಯಿತು ಅಂತ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ಕೇಳಿಸಿಕೊಂಡು ಕಾಫಿ ಕುಡಿದೆ. ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಮೂರು ರಾತ್ರಿ ಅದು ಬಯಲಿನಲ್ಲಿತ್ತು.

ನಾಲ್ಕನೆಯ ದಿನ ತಡೆಯಲಾಗದೆ ಸಲಿಕೆ ಹಿಡಿದು ಓಡಿದೆ. ಎಲೆಗಳು ಕಪ್ಪಾಗಿ ನೆಲಕ್ಕೆ ಅಂಟಿದ್ದವು. ಹೋದರೆ ಎಲೆ ಹೋಗಲಿ, ಗೆಡ್ಡೆ ಒಂದಿದ್ದರೆ ಸಾಕು ಅಂತ ಸಲಿಕೆ ಹಾಕಿದೆ. ಮೇಲಿನ ಮಣ್ಣು ಹೆಪ್ಪುಗಟ್ಟಿ ಹಲಗೆಯಾಗಿತ್ತು. ದಂಟು ಮುಟ್ಟಿದ ಕೂಡಲೇ ಕೈಗೆ ಬಂತು. ತಾನಾಗೇ ಬಿಟ್ಟುಕೊಟ್ಟಿತು ಅಂದುಕೊಂಡೆ, ಅವಳು ಹೇಳುತ್ತಿದ್ದ ಹಾಗೆ. ಗೆಡ್ಡೆ ಕೈಗೆ ತೆಗೆದುಕೊಂಡೆ, ಕಲ್ಲಿನಷ್ಟು ಗಟ್ಟಿ. ಉಗುರು ಒತ್ತಿದರೆ ಇಳಿಯಲಿಲ್ಲ. ಗಟ್ಟಿಯಿದೆ, ಬದುಕಿದೆ ಅಂತ ನಾನು ಅಲ್ಲೇ ಮಂಡಿಯೂರಿ ದೇವರಿಗೆ ಕೈ ಮುಗಿದೆ. ಗಟ್ಟಿಯಿದ್ದದ್ದು ಒಳಗೆ ಮಂಜುಗಟ್ಟಿದ್ದರಿಂದ. ಇಪ್ಪತ್ತಾರು ಚಳಿಗಾಲ ಈ ಗೆಡ್ಡೆಯನ್ನು ದಾಟಿಸಿದ ಮನೆಯವಳು ನಾನು, ಅಷ್ಟು ಗೊತ್ತಾಗಲಿಲ್ಲ. ಗೊತ್ತಾಗಬಾರದು ಅಂತ ಇತ್ತೇನೋ. ಬೆಚ್ಚಗಾಗುವಷ್ಟು ಹೊತ್ತೂ ಹೊರಗಿಡಲಿಲ್ಲ. ಮಣ್ಣು ಒರೆಸಿದ್ದೇ, ಬೂಟಿನ ಪೆಟ್ಟಿಗೆಯ ಮರಳಿನಲ್ಲಿ ಮುಚ್ಚಿ ನೆಲಮಾಳಿಗೆಯಲ್ಲಿ ಆಲೂಗಡ್ಡೆಯ ಮೇಲಿನ ಹಲಗೆಗೆ ಇಟ್ಟೆ. ಹೋಗಿ ಹೋಗಿ ನೋಡಬಾರದು, ನಿದ್ದೆ ಕೆಡುತ್ತದೆ ಅಂತ ಅವಳೇ ಹೇಳುತ್ತಿದ್ದಳಲ್ಲ. ಕ್ರಿಸ್‌ಮಸ್ಸಿಗೆ ನಿನ್ನ ಕಾರ್ಡು ಬಂತು, ರಜೆ ಸಿಗಲಿಲ್ಲ ಕ್ಷಮಿಸಿ ಅತ್ತೆ ಅಂತ. ನಾನು ಉತ್ತರ ಬರೆದೆ, ಬಿಗೋನಿಯಾ ಚೆನ್ನಾಗಿ ಮಲಗಿದೆ ಅಂತ. ಆಗ ಅದು ಕೆಳಗೆ ಕೊಳೆಯುತ್ತಿತ್ತು.

ಮಾರ್ಚ್ ಹತ್ತೊಂಬತ್ತು ಅವಳ ಹುಟ್ಟಿದ ದಿನ. ಪ್ರತಿ ವರ್ಷ ಅವತ್ತೇ ಪೆಟ್ಟಿಗೆ ಮೇಲೆ ತರುವುದು. ಕೇಸರಿ, ಒಣದ್ರಾಕ್ಷಿ ಹಾಕಿ ಹುಟ್ಟುಹಬ್ಬದ ಸಿಹಿರೊಟ್ಟಿ ಸುಟ್ಟಿದ್ದೆ. ಯಾರಿಗೆ ಅಂತ ಕೇಳಬೇಡ, ಪ್ರತಿ ವರ್ಷ ಸುಡುತ್ತೇನೆ, ಬಿರೂತಾ ಬಂದು ಅರ್ಧ ತಿನ್ನುತ್ತಾಳೆ. ಕಾಫಿಗೆ ನೀರಿಟ್ಟು ಮುಚ್ಚಳ ತೆಗೆದೆ. ಮರಳು ಒಂದು ಕಡೆ ಕಪ್ಪಗೆ ಒದ್ದೆಯಾಗಿತ್ತು. ಹುಳಿ ವಾಸನೆ. ಬೆರಳು ಹಾಕಿದರೆ ಬೆರಳು ಒಳಗೇ ಹೋಯಿತು. ಆಮೇಲೆ ನಾನು ಮಾಡಿದ್ದನ್ನು ಬಿರೂತಾ ಬಾಗಿಲಲ್ಲೇ ನಿಂತು ನೋಡಿದಳಂತೆ, ನನಗೆ ಅವಳು ಬಂದದ್ದೇ ತಿಳಿಯಲಿಲ್ಲ. ಚಮಚ ತಗೊಂಡು ಕೊಳೆತದ್ದನ್ನು ಕೆರೆಯುತ್ತ ಹೋದೆ. ಎಲ್ಲಾದರೂ ಒಂದು ಗಟ್ಟಿ ಚೂರು, ಮೊಳಕೆ ಒಡೆಯುವ ಒಂದು ಕಣ್ಣು ಇರುವಷ್ಟು ಚೂರು ಉಳಿದಿದ್ದರೆ ಸಾಕು, ಬೂದಿ ಹಚ್ಚಿ ಬದುಕಿಸುತ್ತೇನೆ ಅಂತ. ಸಾಸರಿನಷ್ಟಿದ್ದದ್ದು ಅಂಗೈಯಷ್ಟಾಯಿತು, ಆಕ್ರೋಡಿನಷ್ಟಾಯಿತು. ಕೊನೆಗೆ ಒಂದು ಗುಂಡಿಯಷ್ಟು ಉಳಿಯಿತು, ಅವಳು ಕೈಗವಸಿನಲ್ಲಿ ತಂದಷ್ಟೇ. ಅದು ಬಿಗಿಯಾಗಿತ್ತು. ಚಾಕುವಿನ ತುದಿಯಿಂದ ಮೆಲ್ಲಗೆ ಒತ್ತಿದೆ, ಒಳಗಿನಿಂದ ಕಂದು ನೀರು ಬಂತು.

ಬಿರೂತಾ ನನ್ನನ್ನು ಕೂರಿಸಿ ಕೈ ತೊಳೆಸಿದಳು. ಆಮೇಲೆ ತನಗೆ ತಿಳಿದ ಸಮಾಧಾನ ಹೇಳಿದಳು: 'ಹೂವಿನ ಮೇಲೆ ಹೆಸರು ಬರೆದಿರುತ್ತಾ? ಮಾರ್ಕೆಟ್ಟಿಂದ ಎರಡು ತಂದು ನೆಡು. ಯಾರಿಗೆ ಗೊತ್ತಾಗುತ್ತೆ?' ಎದ್ದು ಹೋಗು ಅಂದೆ. ಪಾಪ, ರೊಟ್ಟಿ ಕೂಡ ತಿನ್ನದೆ ಹೋದಳು. ಆದರೆ ಮೊನ್ನೆ ಶನಿವಾರ ನಾನೇ ಮಾರ್ಕೆಟಿಗೆ ಹೋದೆ. ಹಾಲೆಂಡಿನ ಗೆಡ್ಡೆಗಳನ್ನು ರಾಶಿ ಹಾಕಿದ್ದರು, ಒಂದೊಂದರ ಪೊಟ್ಟಣಕ್ಕೂ ಹೂವಿನ ಚಿತ್ರ ಅಂಟಿಸಿದ್ದರು. ಎತ್ತಿ ಎತ್ತಿ ನೋಡಿದೆ. ಎಲ್ಲವೂ ಚೆನ್ನಾಗಿದ್ದವು. ಮಾರುವವಳು ಯಾವ ಬಣ್ಣ ಬೇಕು ಅಮ್ಮ ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಬಿತ್ತುವ ಈರುಳ್ಳಿ ಕೊಂಡುಕೊಂಡು ಬಂದೆ. ಜುಲೈನಲ್ಲಿ ಸಮಾಧಿ ಹಬ್ಬಕ್ಕೆ ಎಲ್ಲರೂ ತಮ್ಮ ತಮ್ಮ ಹೂಗಳ ಮುಂದೆ ನಿಲ್ಲುತ್ತಾರೆ. ನಾನು ಈ ಸಲ ಹೋಗುವುದಿಲ್ಲ. ಹೋಗಿ ಅವಳಿಗೆ ಏನಂತ ಹೇಳಲಿ? ನಿನ್ನ ಗಂಡ ಬರಲಿಲ್ಲ ಅಂತ ನಿನ್ನನ್ನೇ ಚಳಿಗೆ ಬಿಟ್ಟೆ ಅಂತ ಹೇಳಲಾ? ಬೆಳಿಗ್ಗೆ ಎದ್ದರೆ ಅಡುಗೆಮನೆಯ ಕಿಟಕಿ ಖಾಲಿ. ಏಪ್ರಿಲಿನಲ್ಲಿ ಈ ಮನೆಯ ಕಿಟಕಿ ಅದಿಲ್ಲದೆ ಯಾವತ್ತೂ ಖಾಲಿ ಇರಲಿಲ್ಲ. ಅವಳು ಹೋದ ವರ್ಷವೂ ಇರಲಿಲ್ಲ. ಅವಳು ಸತ್ತಾಗ ನನಗೆ ಇನ್ನೂ ಮಾಡಬೇಕಾದ ಒಂದು ಕೆಲಸವಿತ್ತು. ಈಗ ಯಾವ ಕೆಲಸವೂ ಇಲ್ಲ. ಸುಮ್ಮನೆ ಇದ್ದೇನೆ, ಅಷ್ಟೇ.

ಇನ್ನೊಂದು ಮಾತು ನಿನಗೆ ಹೇಳಬೇಕು. ಅದು ಮೂರು ವರ್ಷದ ಹಳೆಯ ಮಾತು. ನೀನು ಹೊರಟ ಮಾರ್ಚಿನಲ್ಲಿ ಇದೇ ಮೇಜಿನ ಮೇಲೆ ಗೆಡ್ಡೆ ಇಟ್ಟುಕೊಂಡು, ನಿನ್ನ ಜೇಬಿನ ಚಾಕುವನ್ನು ಕುದಿನೀರಿನಲ್ಲಿ ಅದ್ದಿ, ಎರಡು ಭಾಗ ಮಾಡಿದೆ. ನಾನು ಒಳಗೆ ಬಂದವಳು ನೋಡಿ ಏನೆಂದೆ ಅನ್ನುವುದು ನಿನಗೂ ನೆನಪಿದೆ, ನನಗೂ ನೆನಪಿದೆ. 'ಹೆಂಡತಿ ಮಣ್ಣಿಗೆ ಹೋಗಿ ವರ್ಷ ತುಂಬಿಲ್ಲ, ಆಗಲೇ ಪಾಲು ಮಾಡೋಕೆ ಕೂತಿದ್ದೀಯೇನೋ?' ಅಂದೆ. ಅವಳಿಗೇ ಕತ್ತಿ ಹಾಕಿದೆಯಲ್ಲೋ ಅಂತಲೂ ಅಂದೆ. ನೀನು ತಲೆ ಎತ್ತಲಿಲ್ಲ. ಕೊಯ್ದ ಜಾಗಕ್ಕೆ ಇದ್ದಿಲ ಪುಡಿ ಹಚ್ಚುತ್ತಲೇ ಹೇಳಿದೆ: 'ಅತ್ತೆ, ನನಗೂ ಏನಾದರೂ ಬೇಕಲ್ಲ.' ನಾನು ಬಾಗಿಲು ಬಡಿದು ಒಳಗೆ ಹೋದೆ. ನೀನು ನಿನ್ನ ತುಂಡನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಹೊರಟೆ, ಬಸ್ಸಿನವರೆಗೆ ಕೂಡ ನಾನು ಬರಲಿಲ್ಲ. ಸಂಜೆ ಬಂದು ನೋಡಿದರೆ ಮೇಜಿನ ಮೇಲೆ ನೀನು ಬಿಟ್ಟುಹೋದ ತುಂಡೇ ದೊಡ್ಡದು. ಅದರಲ್ಲಿ ಮೂರು ಕಣ್ಣಿದ್ದವು. ಒಟ್ಟು ಇದ್ದದ್ದೇ ನಾಲ್ಕು. ಅದನ್ನು ನಾನು ಆವತ್ತೇ ಎಣಿಸಿದ್ದೆ ಕಣೋ. ಎಣಿಸಿಯೂ ಮೂರು ವರ್ಷ ಬಾಯಿ ಬಿಡಲಿಲ್ಲ. ಮೂರು ಕಣ್ಣಿನದನ್ನು ನನಗೆ ಕೊಟ್ಟು ಹೋದವನನ್ನು ಕಟುಕ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಕೊನೆಗೆ ಕಟುಕತನ ಮಾಡಿದವಳು ನಾನು.

ಮೇಣದಬತ್ತಿಯ ಸಂಜೆ ನೀನು ಯಾಕೆ ಬರಲಿಲ್ಲ ಅಂತ ಇನ್ನು ಕೇಳುವುದಿಲ್ಲ. ನನ್ನ ಮುಖಕ್ಕೆ ಹೇಳಲು ಹೆದರಿದ್ದೀಯ, ಅಷ್ಟೇ. ನಾನಾಗಿದ್ದರೂ ನನಗೆ ಹೆದರುತ್ತಿದ್ದೆ. ಮೂವತ್ತೆಂಟಕ್ಕೆ ಮನುಷ್ಯ ಒಬ್ಬನೇ ಇರಲಿ ಅಂತ ಬಯಸಲು ನಾನು ಯಾರು? ಬಯಸಿದ್ದೆ, ಅದೂ ನಿಜ. ಸಿಟ್ಟು ಪೂರ್ತಿ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಕೂಗಾಡುವ ಶಕ್ತಿ ಮಾತ್ರ ಹೋಗಿದೆ. ಕಣ್ಣೂ ಮಂಜಾಗುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಊಟ ಸರಿಯಾಗಿ ಮಾಡು. ಸೊಂಟಕ್ಕೆ ಪಟ್ಟಿ ಕಟ್ಟಿಕೋ, ಒದ್ದೆ ಬೂಟಿನಲ್ಲಿ ನಿಲ್ಲಬೇಡ. ನಿನ್ನ ಮಾವನ ಸಮಾಧಿಯನ್ನೂ ಅವಳದನ್ನೂ ಈಸ್ಟರಿಗೆ ಮೊದಲು ಗುಡಿಸಿ ಬರುತ್ತೇನೆ, ಮರಳಿಗೆ ಗೆರೆ ಎಳೆದು ಬರುತ್ತೇನೆ. ನಿನ್ನ ಹೆಸರಿನಲ್ಲೂ ಒಂದು ದೀಪ ಹಚ್ಚುತ್ತೇನೆ. ದೇವರು ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಮಿರ್ಜಾ

ಮರೆತ ಮಾತು: ಅಂಚೆಕಚೇರಿಯ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ, ಹಿಂದೆ ಸಾಲಿದೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ನಿನ್ನ ತುಂಡು ಇದೆಯಾ? ಆ ಒಂದು ಕಣ್ಣಿನದು. ಇಷ್ಟು ವರ್ಷ ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಅಲ್ಲಿ ನಮ್ಮಷ್ಟು ಚಳಿ ಬೀಳುವುದಿಲ್ಲವಂತೆ. ಇದ್ದರೆ ತರಬೇಡ, ಕಳಿಸಬೇಡ, ಜಾಗ ಬದಲಾಯಿಸಿದರೆ ಕೊರಗುತ್ತದೆ. ಒಂದು ಎಲೆ ಲಕೋಟೆಯಲ್ಲಿ ಹಾಕಿ ಕಳಿಸು, ಒಣಗಿ ಪುಡಿಯಾಗಿ ಬಂದರೂ ನನಗೆ ಗುರುತು ಸಿಗುತ್ತದೆ. ಅದಕ್ಕೆ ನೀರು ಹಾಕುವವಳು ಈಗ ನಿನ್ನ ಮನೆಯಲ್ಲಿರುವ ಆ ಹೆಣ್ಣುಮಗಳೇ ಆದರೆ, ಎಲೆಯ ಮೇಲೆ ನೀರು ಬೀಳಬಾರದು, ಬುಡಕ್ಕೆ ಹಾಕಬೇಕು ಅಂತ ಹೇಳು. ಅತ್ತೆ ಹೇಳಿದರು ಅಂತ ಹೇಳ

ಪೆನ್ನು ನಿಂತಿತ್ತು, ಪಕ್ಕದವರದು ತೆಗೆದುಕೊಂಡೆ. ಆ ತುಂಡು ಉಳಿದಿಲ್ಲದಿದ್ದರೆ ಏನೂ ಬರೆಯಬೇಡ. ಅಂಚೆ ತಡವಾಗಿದೆ ಅಂದುಕೊಂಡು ಇರುತ್ತೇನೆ.